ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ: ಹಿಂದಕ್ಕೆ ಪಡೆಯಲಾಗದ ಹೆಜ್ಜೆಯಿರುವ ಪಾಠದ ಬೋಧನೆ

ಅಭ್ಯಾಸ ಬೋಧನೆಯಲ್ಲಿ ನಾವು ಕೊಡುವ ಬಹುಪಾಲು ಪಾಠಗಳಲ್ಲಿ ತಪ್ಪಿಗೆ ತಿದ್ದುಪಡಿ ಇರುತ್ತದೆ. ಕಪ್ಪುಹಲಗೆಯ ಲೆಕ್ಕ ತಪ್ಪಿದರೆ ಒರೆಸಿ ಬರೆಯಬಹುದು. ನಕ್ಷೆಯಲ್ಲಿ ನದಿ ಬೇರೆ ಕಡೆ ಹರಿದರೆ ರಬ್ಬರ್ ಇದೆ. ವಿಂಡೋಸ್ ಇರುವ ಕಂಪ್ಯೂಟರಿಗೆ ಉಬುಂಟುವನ್ನೂ ಅಳವಡಿಸುವ ಪಾಠ ಹಾಗಲ್ಲ. ಅದರಲ್ಲಿ ಹಲವು ಸುಲಭ ಹೆಜ್ಜೆಗಳೂ, ಒಮ್ಮೆ ಇಟ್ಟರೆ ಹಿಂದೆ ತೆಗೆದುಕೊಳ್ಳಲಾಗದ ಒಂದು ಹೆಜ್ಜೆಯೂ ಇವೆ. ಇಂತಹ ಪಾಠವನ್ನು ಯೋಜಿಸುವಾಗ ಸಮಯವನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದೇ ಈ ಲೇಖನದ ವಿಷಯ. ಹೊನ್ನಾಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯ 9ನೇ ತರಗತಿಗೆ, ನಮ್ಮ ಪ್ರಶಿಕ್ಷಣಾರ್ಥಿಗಳ ವೀಕ್ಷಣೆಗಾಗಿ, ನಾನು ಮೂರು ಅವಧಿಗಳಲ್ಲಿ ನೀಡಿದ ಮಾದರಿ ಪಾಠವನ್ನು ಇಲ್ಲಿ ಕ್ರಮವಾಗಿ ಕೊಟ್ಟಿದ್ದೇನೆ.

ಪಾಠದ ಅಗತ್ಯ

ಎರಡು ವ್ಯವಸ್ಥೆ ಯಾಕೆ ಬೇಕು, ಒಂದು ಸಾಲದೆ ಎಂಬ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿಗಳೂ ಕೇಳಿದರು. ನಮ್ಮ ಶಾಲೆಗಳಲ್ಲಿ ಇದಕ್ಕೆ ಸ್ಪಷ್ಟ ಕಾರಣಗಳಿವೆ.

ಶಾಲಾ ಕಚೇರಿಯ ಹಳೆಯ ಕಡತಗಳು ನುಡಿಯಲ್ಲಿವೆ. ಯೂನಿಕೋಡ್ ಬರುವ ಮುಂಚಿನ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ವರ್ಗಾವಣೆ ಪತ್ರವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ನುಡಿ ತಂತ್ರಾಂಶ ವಿಂಡೋಸಿಗಾಗಿ ರೂಪುಗೊಂಡದ್ದು. ಆದ್ದರಿಂದ ಗುಮಾಸ್ತರಿಗೆ ವಿಂಡೋಸ್ ಬೇಕೇ ಬೇಕು.

ಇನ್ನೊಂದು ಕಡೆ, ನಮ್ಮ ರಾಜ್ಯದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಶಿಕ್ಷಕರು ಅಭ್ಯಾಸ ಮಾಡಿದ್ದು ಉಬುಂಟುವಿನ ಮೇಲೆ. ಪಕ್ಕದ ಕೇರಳದಲ್ಲಿ ಶಾಲಾ ಕಂಪ್ಯೂಟರ್ ಶಿಕ್ಷಣ ಸಂಪೂರ್ಣವಾಗಿ ಸ್ವತಂತ್ರ ತಂತ್ರಾಂಶದ ಮೇಲೆ ನಿಂತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತು ಪ್ರಾಯೋಗಿಕ ಪರೀಕ್ಷೆ ಬರೆಯುತ್ತಾರೆ. ಇದಲ್ಲದೆ, ವಿಂಡೋಸ್ 10ಕ್ಕೆ ಉಚಿತ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನಮ್ಮ ಹಳೆಯ ಪ್ರಯೋಗಾಲಯದ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಂತಹ ಯಂತ್ರದಲ್ಲಿ ಹಳೆಯ ಕಡತಗಳಿಗೆ ವಿಂಡೋಸ್, ಅಂತರ್ಜಾಲಕ್ಕೂ ಕಲಿಕೆಗೂ ಉಬುಂಟು ಎಂದು ಕೆಲಸ ಹಂಚುವುದು ವಿವೇಕದ ದಾರಿ.

ನಾವು ಆರಿಸಿಕೊಂಡ ಯಂತ್ರ ಬೆಳಿಗ್ಗೆ ಮಕ್ಕಳದ್ದು, ಮಧ್ಯಾಹ್ನ ಕಚೇರಿಯದ್ದು. ಅನುಮತಿ ಕೇಳಲು ಹೋದಾಗ ಮುಖ್ಯೋಪಾಧ್ಯಾಯರು ಒಂದೇ ಪ್ರಶ್ನೆ ಕೇಳಿದರು: “ಇದರಾಗಿರೋ ಮಕ್ಕಳ ದಾಖಲೆ ಹೋದ್ರೆ ಯಾರು ಜವಾಬ್ದಾರಿ ಮೇಡಂ?” ಇಡೀ ಪಾಠಯೋಜನೆ ಆ ಪ್ರಶ್ನೆಗೆ ಉತ್ತರವಾಗಿ ರೂಪುಗೊಂಡಿತು.

ಬೋಧನಾ ಉದ್ದೇಶಗಳು

ಜ್ಞಾನ: ವಿದ್ಯಾರ್ಥಿಯು ಡಿಸ್ಕ್, ಪಾರ್ಟಿಷನ್, ಪಾರ್ಟಿಷನ್ ಟೇಬಲ್, ಬೂಟ್ ಮೆನು ಇವುಗಳನ್ನು ಗುರುತಿಸುತ್ತಾನೆ.
ತಿಳುವಳಿಕೆ: ಎರಡು ವ್ಯವಸ್ಥೆಗಳು ಒಂದೇ ಡಿಸ್ಕಿನಲ್ಲಿದ್ದರೂ ಒಂದು ಸಲಕ್ಕೆ ಒಂದೇ ಏಕೆ ನಡೆಯುತ್ತದೆ ಎಂದು ವಿವರಿಸುತ್ತಾನೆ.
ಅನ್ವಯ: ಕೊಟ್ಟ ಡಿಸ್ಕಿನಲ್ಲಿ ಹೊಸ ವ್ಯವಸ್ಥೆಗೆ ಎಷ್ಟು ಜಾಗ, ಎಲ್ಲಿಂದ ಎಂದು ಲೆಕ್ಕ ಹಾಕುತ್ತಾನೆ.
ಕೌಶಲ: ಪ್ರತಿ ಪರದೆಯಲ್ಲೂ ಗುಂಡಿ ಒತ್ತುವ ಮುನ್ನ ಏನಾಗುತ್ತದೆ ಎಂದು ಗಟ್ಟಿಯಾಗಿ ಹೇಳುತ್ತಾನೆ.

ನಾಲ್ಕನೆಯದೇ ಈ ಪಾಠದ ತಿರುಳು. ಉಳಿದ ಮೂರೂ ಅದಕ್ಕೆ ಸಿದ್ಧತೆ.

ಮೊದಲ ಅವಧಿ: ಗ್ರಾಫ್ ಹಾಳೆಯ ಮೇಲೆ

ಮೊದಲ ಅವಧಿಯಲ್ಲಿ ಕಂಪ್ಯೂಟರನ್ನು ಹಚ್ಚಲೇ ಇಲ್ಲ. ಪೀಠಿಕೆಯಾಗಿ, ಡಿಸ್ಕಿನ ಪೆಟ್ಟಿಗೆಯ ಮೇಲೆ 500 ಜಿಬಿ ಎಂದು ಬರೆದಿದ್ದನ್ನೂ, ವಿಂಡೋಸ್ ಅದನ್ನೇ 465 ಜಿಬಿ ಎಂದು ತೋರಿಸುವುದನ್ನೂ ಹೇಳಿ, “ಉಳಿದ 35 ಎಲ್ಲಿಗೆ ಹೋಯಿತು?” ಎಂದು ಕೇಳಿದೆ. ವೈರಸ್ ತಿಂದಿದೆ ಎಂದ ಒಬ್ಬ. ಅಂಗಡಿಯವನು ಮೋಸ ಮಾಡಿದ್ದಾನೆ ಎಂದಳು ಇನ್ನೊಬ್ಬಳು. ತಯಾರಕರು ಒಂದು ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024 × 1024 × 1024, ಅಂದರೆ 107 ಕೋಟಿಗೂ ಹೆಚ್ಚು ಬೈಟಿಗೆ ಒಂದು ಜಿಬಿ ಎನ್ನುತ್ತದೆ. ಭಾಗಾಕಾರವನ್ನು ಮಕ್ಕಳೇ ಮಾಡಿ 465 ಪಡೆದರು. ಒಂದೇ ಹೊಲವನ್ನು ಎರಡು ಸರಪಳಿಯಿಂದ ಅಳೆದಂತೆ ಎಂದು ಒಬ್ಬ ಹುಡುಗ ಹೇಳಿದ ಮಾತು ಮುಂದಿನ ಭಾಗಕ್ಕೆ ಬಾಗಿಲು ತೆರೆಯಿತು.

ಇಲ್ಲಿನ ಮಕ್ಕಳಿಗೆ ಭೂಮಿಯ ದಾಖಲೆಯ ಭಾಷೆ ಮನೆಯ ಭಾಷೆ. ಅಡಿಕೆ ತೋಟವಿರಲಿ, ಭತ್ತದ ಗದ್ದೆಯಿರಲಿ, ಅಣ್ಣತಮ್ಮಂದಿರು ಪಾಲಾದರೆ ಪೋಡಿ ಆಗಬೇಕು, ಹಿಸ್ಸಾ ನಂಬರ್ ಬರಬೇಕು, ಪಹಣಿ ಬೇರೆಯಾಗಬೇಕು ಎಂಬುದನ್ನು ಅವರು ಊಟದ ಹೊತ್ತಿನಲ್ಲಿ ಕೇಳಿರುತ್ತಾರೆ. ಹೋಲಿಕೆಯನ್ನು ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ:

ಇಡೀ ಡಿಸ್ಕ್ — ಸರ್ವೆ ನಂಬರ್
ಪಾರ್ಟಿಷನ್ — ಹಿಸ್ಸಾ
ಪಾರ್ಟಿಷನ್ ಟೇಬಲ್ — ಪಹಣಿ ಮತ್ತು ನಕ್ಷೆ
ಕಡತಗಳು — ನಿಂತ ಬೆಳೆ

“ಪಾಲು ಮಾಡೋಕೆ ಮೊದಲು ಏನು ಬೇಕು?” ಎಂದಾಗ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಹನ್ನೊಂದು-ಇ ನಕ್ಷೆ, ಮೇಡಂ. ನಮ್ಮಪ್ಪ ಅರ್ಜಿ ಕೊಟ್ಟಾರೆ.” ನೋಂದಣಿಗೆ ಮೊದಲು ನಕ್ಷೆ ಎಂಬ ಕ್ರಮವನ್ನೇ ನಾವೂ ಅನುಸರಿಸಿದೆವು.

ಪ್ರತಿ ಗುಂಪಿಗೂ ಗ್ರಾಫ್ ಹಾಳೆಯ 93 ಚೌಕಗಳ ಒಂದು ಪಟ್ಟಿ. ಒಂದು ಚೌಕ ಅಂದರೆ 5 ಜಿಬಿ. ಸಿ ಡ್ರೈವ್ 30 ಚೌಕ, ಡಿ ಡ್ರೈವ್ 63 ಚೌಕ. ಯಂತ್ರ ಶುರುವಾಗಲು ಬೇಕಾದ ಇಎಫ್ಐ ಪಾರ್ಟಿಷನ್ ಬರೀ 100 ಎಂಬಿ. ಅದನ್ನು ಪೆನ್ಸಿಲ್ ಗೆರೆಯಷ್ಟೇ ದಪ್ಪ ಎಳೆಯಲು ಹೇಳಿದೆ. ಇಷ್ಟು ಸಣ್ಣದನ್ನು ಯಾಕೆ ತೋರಿಸಬೇಕು ಎಂಬ ಪ್ರಶ್ನೆಗೆ, ಹೊಲಕ್ಕೆ ಹೋಗುವ ಕಾಲುದಾರಿಯೂ ಸಣ್ಣದೇ, ಅದನ್ನು ಉತ್ತುಬಿಟ್ಟರೆ ಇಡೀ ಹೊಲಕ್ಕೆ ದಾರಿಯಿಲ್ಲ ಎಂದು ಉತ್ತರಿಸಿದೆ.

ಡಿ ಡ್ರೈವಿನಲ್ಲಿ 90 ಜಿಬಿ ತುಂಬಿದೆ, ಅಂದರೆ 18 ಚೌಕಕ್ಕೆ ಬಣ್ಣ. ಉಬುಂಟುವಿಗೆ ಕನಿಷ್ಠ 25 ಜಿಬಿ ಬೇಕು. ಮುಂದಿನ ಬಳಕೆಗೂ ಸೇರಿಸಿ 60 ಜಿಬಿ ಎಂದು ನಿಗದಿ ಮಾಡಿದೆವು. ಎಷ್ಟು ಚೌಕ? 12. ಯಾವ ತುದಿಯಿಂದ? ವಿಂಡೋಸ್ ಒಂದು ಪಾರ್ಟಿಷನ್ನನ್ನು ಕುಗ್ಗಿಸಿದಾಗ ಖಾಲಿ ಜಾಗ ಅದರ ಕೊನೆಯಲ್ಲಿ ಹುಟ್ಟುತ್ತದೆ, ಆದ್ದರಿಂದ ಬಲತುದಿಯಿಂದ. ವಿಂಡೋಸ್ ಅಳತೆಯನ್ನು ಎಂಬಿಯಲ್ಲಿ ಕೇಳುವುದರಿಂದ 60 × 1024 = 61,440 ಎಂದು ಪಟ್ಟಿಯ ಕೆಳಗೆ ಬರೆಸಿದೆ. ಈ ಹಾಳೆಯೇ ನಮ್ಮ ನಕ್ಷೆ. ಮೂರನೆಯ ಅವಧಿಯಲ್ಲಿ ಪರದೆ ತೋರಿಸುವ ಅಂಕಿ ಇದಕ್ಕೆ ಹೊಂದದಿದ್ದರೆ ಮುಂದೆ ಹೋಗಬಾರದು ಎಂಬುದು ತರಗತಿಯ ನಿಯಮವಾಯಿತು.

ಹೋಲಿಕೆ ಎಲ್ಲಿ ನಿಲ್ಲುತ್ತದೆ?

ಹೋಲಿಕೆಯಿಂದ ಕಲಿಸುವಾಗ ಅದು ಎಲ್ಲಿಯವರೆಗೆ ಬರುತ್ತದೆ ಎಂದು ಹೇಳುವುದೂ ಬೋಧನೆಯ ಭಾಗ. ಪಹಣಿ ಸುಟ್ಟುಹೋದರೂ ಹೊಲದಲ್ಲಿ ಬದು ಇರುತ್ತದೆ, ಊರಿನ ಹಿರಿಯರು ಇರುತ್ತಾರೆ, ಬೆಳೆ ನಿಂತಿರುತ್ತದೆ. ಡಿಸ್ಕಿನೊಳಗೆ ಕಣ್ಣಿಗೆ ಕಾಣುವ ಬದು ಇಲ್ಲ. ಎಲ್ಲಿಂದ ಎಲ್ಲಿಯವರೆಗೆ ಯಾರದು ಎಂಬುದು ಆ ಪಟ್ಟಿಯಲ್ಲಿ ಮಾತ್ರ ಇದೆ. ಪಟ್ಟಿ ಅಳಿದರೆ ಕಡತಗಳ ಬೈಟ್‌ಗಳು ಸ್ವಲ್ಪ ಕಾಲ ಅಲ್ಲೇ ಬಿದ್ದಿದ್ದರೂ ದಾರಿ ತಪ್ಪಿರುತ್ತದೆ. ಅವುಗಳ ಮೇಲೆ ಹೊಸದನ್ನು ಬರೆದರೆ ಅವೂ ಇಲ್ಲ. ಈ ವ್ಯತ್ಯಾಸವನ್ನು ಹೇಳದೆ ಬಿಟ್ಟರೆ, ಹೋದದ್ದನ್ನು ಯಾರಾದರೂ ತಂದುಕೊಡುತ್ತಾರೆ ಎಂಬ ಧೈರ್ಯವನ್ನು ಮಗು ಹೋಲಿಕೆಯಿಂದಲೇ ಕಲಿತುಬಿಡುತ್ತದೆ.

ಇನ್ನೊಂದು ಮಿತಿಯನ್ನು ಮಕ್ಕಳೇ ಹಿಡಿದರು. “ಎರಡು ಹಿಸ್ಸಾದಾಗೂ ಒಟ್ಟಿಗೇ ಉಳಬಹುದು. ವಿಂಡೋಸು ಉಬುಂಟು ಎರಡನ್ನೂ ಒಟ್ಟಿಗೇ ಹಚ್ಚಬಹುದಾ?” ಇಲ್ಲ ಎಂಬುದಕ್ಕೆ ಭೂಮಿಯ ಹೋಲಿಕೆ ಸಾಲದು. ಜಾಗದ ವಿಷಯಕ್ಕೆ ಒಂದು ಹೋಲಿಕೆ, ಕಾಲದ ವಿಷಯಕ್ಕೆ ಇನ್ನೊಂದು ಬೇಕು. ನಾನು ಬಳಸಿದ್ದು ಎರಡು ಪಾಳಿಯ ಶಾಲೆ. ಕಟ್ಟಡ, ಬೆಂಚು, ಕಪ್ಪುಹಲಗೆ ಒಂದೇ. ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು. ಪ್ರೊಸೆಸರ್ ಮತ್ತು ರ‍್ಯಾಮ್ ಎಂದರೆ ಬೆಂಚು, ಹಲಗೆ. ಪಾರ್ಟಿಷನ್ ಎಂದರೆ ಪ್ರತಿ ಪಾಳಿಯ ಬೀಗ ಹಾಕಿದ ಬೀರು. ಗೇಟಿನಲ್ಲಿ ನಿಂತು “ಈಗ ಯಾವ ಪಾಳಿ?” ಎಂದು ಕೇಳುವವನೇ ಗ್ರಬ್ ಎಂಬ ಬೂಟ್ ಮೆನು. ಸುಮಾರು 10 ಸೆಕೆಂಡ್ ಕಾಯುತ್ತಾನೆ. ಯಾರೂ ಹೇಳದಿದ್ದರೆ ಪಟ್ಟಿಯ ಮೊದಲನೆಯದನ್ನು, ಸಾಮಾನ್ಯವಾಗಿ ಉಬುಂಟುವನ್ನು, ಒಳಗೆ ಬಿಡುತ್ತಾನೆ.

ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವನ್ನು ವಿವರಿಸಲೂ ಪಾಳಿಯ ಹೋಲಿಕೆ ನೆರವಾಯಿತು. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಒತ್ತಿದರೂ ಯಂತ್ರ ಪೂರ್ತಿ ಮುಗಿಸುವುದಿಲ್ಲ. ಒಂದು ಭಾಗವನ್ನು ಡಿಸ್ಕಿನಲ್ಲಿ ಹಾಗೇ ಕಾದಿರಿಸಿ ಮಲಗುತ್ತದೆ. ಬೆಳಗಿನ ಪಾಳಿಯವರು ಹಾಜರಿ ಪುಸ್ತಕವನ್ನು ಅರ್ಧ ಬರೆದು ಮೇಜಿನ ಮೇಲೇ ಬಿಟ್ಟುಹೋದ ಹಾಗೆ. ಮಧ್ಯಾಹ್ನದವರು ಅದರಲ್ಲಿ ಬರೆದರೆ ಎರಡೂ ಕೆಡುತ್ತವೆ. ಹಾಗಾಗಿ ಆ ಪಾರ್ಟಿಷನ್ನಿನಲ್ಲಿ ಬರೆಯಲು ಉಬುಂಟು ಒಪ್ಪುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಇದನ್ನು ಮೊದಲೇ ತೆಗೆದುಹಾಕಬೇಕು.

ಎರಡನೆಯ ಅವಧಿ: ತಪ್ಪಿಗೆ ಬೆಲೆ ಇಲ್ಲದ ಜಾಗದಲ್ಲಿ ತಪ್ಪು

ಎರಡನೆಯ ಅವಧಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ ಒಂದು ಸುಳ್ಳು ಕಂಪ್ಯೂಟರ್ ಸಿದ್ಧಪಡಿಸಿಕೊಂಡು ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಅದರ ಡಿಸ್ಕ್ ಎಂದರೆ ನನ್ನ ಲ್ಯಾಪ್‌ಟಾಪಿನ ಒಂದು ಕಡತ, ಅಷ್ಟೇ. ಅದರಲ್ಲಿ ‘9ನೇ ತರಗತಿ’ ಎಂಬ ಫೋಲ್ಡರ್ ಮಾಡಿ, ಮಕ್ಕಳೇ ತಮ್ಮ ಹೆಸರು ಟೈಪ್ ಮಾಡಿ ಉಳಿಸಿದರು. ಆ ಬಳಿಕ ಉಬುಂಟು ಅಳವಡಿಕೆಯನ್ನು ಆರಂಭಿಸಿ, ಪ್ರತಿ ಪರದೆಯಲ್ಲೂ ಮುಂದೆ ಏನು ಒತ್ತಬೇಕು ಎಂದು ತರಗತಿಯನ್ನೇ ಕೇಳಿದೆ. ಪರದೆಗಳು ಇಂಗ್ಲಿಷಿನಲ್ಲಿದ್ದವು. ಅಭ್ಯಾಸಬಲದಿಂದ ಮಕ್ಕಳು “ಕಂಟಿನ್ಯೂ, ಕಂಟಿನ್ಯೂ” ಎನ್ನುತ್ತಾ ಹೋದರು. ‘ಎರೇಸ್ ಡಿಸ್ಕ್ ಅಂಡ್ ಇನ್‌ಸ್ಟಾಲ್ ಉಬುಂಟು’ ಎಂಬ ಆಯ್ಕೆ ಮೊದಲೇ ಗುರುತಾಗಿತ್ತು. ಅಲ್ಲಿಯೂ “ಕಂಟಿನ್ಯೂ” ಎಂದರು. ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೇ ಎಂಬ ಕೊನೆಯ ಎಚ್ಚರಿಕೆ ಬಂತು. “ಕಂಟಿನ್ಯೂ.”

ಅಳವಡಿಕೆ ಮುಗಿಯುವವರೆಗೆ ಕಾಯಬೇಕಿರಲಿಲ್ಲ. ಎರಡು ನಿಮಿಷ ಬಿಟ್ಟು ಯಂತ್ರವನ್ನು ನಿಲ್ಲಿಸಿ, ಡಿಸ್ಕನ್ನು ತೆರೆದು ತೋರಿಸಿದೆ. ಅವರ ಫೋಲ್ಡರ್ ಇರಲಿಲ್ಲ. ತರಗತಿ ಸುಮ್ಮನಾಯಿತು. “ವಾಪಸ್ ಬರಲ್ವಾ?” ಎಂದು ಒಬ್ಬಳು ಕೇಳಿದಳು.

ಈ ಕ್ಷಣವನ್ನು ಉಪದೇಶದಿಂದ ತುಂಬಬಾರದು. ನಾನು ಕೇಳಿದ್ದು ಒಂದೇ: “ನಾವು ಎಲ್ಲೆಲ್ಲಿ ನಿಲ್ಲಬಹುದಿತ್ತು?” ಪರದೆಗಳನ್ನು ಒಂದೊಂದಾಗಿ ಹಿಂದಕ್ಕೆ ನೆನೆಯುತ್ತಾ ಮಕ್ಕಳು ಮೂರು ನಿಲುಗಡೆಗಳನ್ನು ಪಟ್ಟಿ ಮಾಡಿದರು. ಒಂದು, ಶುರು ಮಾಡುವ ಮೊದಲೇ: ಫೋಲ್ಡರಿನ ಪ್ರತಿ ಬೇರೆಡೆ ಇದೆಯೇ? ಎರಡು, ಆಯ್ಕೆಯ ಪರದೆ: ‘ಎರೇಸ್’ ಎಂದರೆ ಏನು? ಮೂರು, ಕೊನೆಯ ಎಚ್ಚರಿಕೆ: ಅಲ್ಲಿ ಬರೆದಿರುವ ಪಾರ್ಟಿಷನ್ನುಗಳು ನಮ್ಮ ನಕ್ಷೆಗೆ ಹೊಂದುತ್ತವೆಯೇ? ಈ ಮೂರನ್ನೂ ಚಾರ್ಟಿನಲ್ಲಿ ಅವರದೇ ಮಾತಿನಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಉಳಿದ ಸಮಯದಲ್ಲಿ, ಮೊದಲೇ ಪ್ರತಿ ಮಾಡಿಟ್ಟಿದ್ದ ಇನ್ನೊಂದು ಸುಳ್ಳು ಯಂತ್ರದಲ್ಲಿ ಅದೇ ದಾರಿಯನ್ನು ನಿಲ್ಲುತ್ತಾ ನಿಲ್ಲುತ್ತಾ ಕ್ರಮಿಸಿದೆವು.

ಮೂರನೆಯ ಅವಧಿ: ನಿಜವಾದ ಯಂತ್ರ

ಇದರ ಹಿಂದಿನ ದಿನ ಗುಮಾಸ್ತರ ಜೊತೆ ಕುಳಿತು ಎಲ್ಲ ಕಡತಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿದೆವು. ನಕಲು ಆದ ಮೇಲೆ ಅದನ್ನು ಬೇರೊಂದು ಯಂತ್ರಕ್ಕೆ ಹಾಕಿ, ಗುಮಾಸ್ತರೇ ಆರಿಸಿದ ಕೆಲವು ಕಡತಗಳನ್ನು ತೆರೆದು ನೋಡಿದೆವು. ನುಡಿಯ ಅಕ್ಷರ ಸರಿಯಾಗಿ ಕಂಡ ಮೇಲೆಯೇ ಮುಖ್ಯೋಪಾಧ್ಯಾಯರಿಗೆ ಆ ಡಿಸ್ಕ್ ಒಪ್ಪಿಸಿದೆವು. ಅದು ಅವರ ಬೀರುವಿನಲ್ಲಿ ಇದ್ದುದರಿಂದ ಅವರ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಿಲ್ಲ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದೂ ಪರೀಕ್ಷಿಸಿದೆವು; ಪಾರ್ಟಿಷನ್ ಕುಗ್ಗುವ ಹೊತ್ತಿನಲ್ಲಿ ಕರೆಂಟ್ ಹೋಗಬಾರದು.

ಅಂದಿನ ಕ್ರಮ ಹೀಗಿತ್ತು:

1. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಮಕ್ಕಳ ಹಾಳೆಯ ಅಂಕಿಗಳನ್ನು ಪರದೆಯ ಜೊತೆ ತಾಳೆ ನೋಡುವುದು.
2. ಫಾಸ್ಟ್ ಸ್ಟಾರ್ಟಪ್ ತೆಗೆಯುವುದು. ಬಿಟ್‌ಲಾಕರ್ ಗೂಢಲಿಪೀಕರಣ ಇದೆಯೇ ಎಂದು ನೋಡುವುದು; ಇದ್ದರೆ ಅದರ ರಿಕವರಿ ಕೀಲಿ ಬರೆದುಕೊಳ್ಳದೆ ಮುಂದೆ ಹೋಗಬಾರದು. ಹೊಸ ಲ್ಯಾಪ್‌ಟಾಪುಗಳಲ್ಲಿ ಇದು ಮುಖ್ಯ.
3. ಡಿ ಡ್ರೈವಿನ ಮೇಲೆ ‘ಶ್ರಿಂಕ್ ವಾಲ್ಯೂಮ್’ ಆರಿಸಿ 61,440 ಎಂಬಿ ಕುಗ್ಗಿಸುವುದು. ‘ಅನ್‌ಅಲೊಕೇಟೆಡ್’ ಎಂಬ ಕಪ್ಪು ಪಟ್ಟಿ ಕಾಣುತ್ತದೆ.
4. ಉಬುಂಟು ತುಂಬಿದ 8 ಜಿಬಿ ಪೆನ್‌ಡ್ರೈವಿನಿಂದ ಯಂತ್ರ ಹಚ್ಚುವುದು. ಬೂಟ್ ಮೆನುವಿನ ಕೀಲಿ ತಯಾರಕರಿಂದ ತಯಾರಕರಿಗೆ ಬೇರೆ. ಎಫ್12, ಎಫ್9 ಅಥವಾ ಎಸ್ಕೇಪ್ ಇರಬಹುದು.
5. ಮೊದಲು ‘ಟ್ರೈ ಉಬುಂಟು’. ಪೆನ್‌ಡ್ರೈವಿನಿಂದಲೇ ನಡೆಯುವ ಇದು ತಾನಾಗಿ ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ. ಕೀಬೋರ್ಡ್, ಧ್ವನಿ, ನೆಟ್‌ವರ್ಕ್ ಕೆಲಸ ಮಾಡುತ್ತವೆಯೇ ಎಂದು ಮಕ್ಕಳು ನೋಡಿದರು.
6. ವಿಂಡೋಸ್ ಜೊತೆಯಲ್ಲಿ ಅಳವಡಿಸುವ ಆಯ್ಕೆ. ಕೊನೆಯ ಎಚ್ಚರಿಕೆಯನ್ನು ಒಬ್ಬ ವಿದ್ಯಾರ್ಥಿನಿ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಗ್ರಾಫ್ ಹಾಳೆಯಲ್ಲಿ ಜಾಗ ತೋರಿಸಿದ ನಂತರವೇ ಗುಂಡಿ ಒತ್ತುವುದು.

ಆರನೆಯ ಹೆಜ್ಜೆಗೆ ಬಂದಾಗ ಮೂವತ್ತು ನಿಮಿಷ ಕಳೆದಿತ್ತು. ಕಡತಗಳು ಇಳಿಯುವ ಮುಂದಿನ ಹೊತ್ತನ್ನು ಯಾರೂ ಕಾದು ನೋಡಲಿಲ್ಲ. ಮುಂದಿನ ಅವಧಿಯ ಗಂಟೆ ಹೊಡೆದಿತ್ತು. ಮಧ್ಯಾಹ್ನ ಗುಮಾಸ್ತರು ಬೂಟ್ ಮೆನುವಿನಿಂದ ವಿಂಡೋಸ್ ಆರಿಸಿ ತಮ್ಮ ಕೆಲಸ ಮುಂದುವರಿಸಿದರು.

ಮಕ್ಕಳು ಕೇಳಿದ ಪ್ರಶ್ನೆಗಳು

ಉಬುಂಟುವಿನಲ್ಲಿ ಬರೆದದ್ದು ವಿಂಡೋಸಿಗೆ ಕಾಣುತ್ತದೆಯೇ? ಉಬುಂಟು ವಿಂಡೋಸಿನ ಡ್ರೈವನ್ನು ಓದಬಲ್ಲದು, ಬರೆಯಬಲ್ಲದು. ವಿಂಡೋಸ್ ತಾನಾಗಿ ಉಬುಂಟುವಿನ ಪಾರ್ಟಿಷನ್ನನ್ನು ಓದಲಾರದು. ಆದ್ದರಿಂದ ಇಬ್ಬರಿಗೂ ಬೇಕಾದ ಕಡತ ಡಿ ಡ್ರೈವಿನಲ್ಲಿರಲಿ.

ಉಬುಂಟುವಿನಲ್ಲಿ ಕನ್ನಡ ಟೈಪ್ ಮಾಡಬಹುದೇ? ಮಾಡಬಹುದು. ನುಡಿಯ ಕಗಪ ಕೀಲಿಮಣೆ ವಿನ್ಯಾಸವನ್ನೇ ಅಲ್ಲಿಯೂ ಸೇರಿಸಿಕೊಳ್ಳಬಹುದು. ಬರುವುದು ಯೂನಿಕೋಡ್ ಕನ್ನಡ.

ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿದೆ, ಯಾಕೆ? ಕೆಲವು ಯಂತ್ರಗಳಲ್ಲಿ ಹೀಗಾಗುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ಉಬುಂಟು ಅಂತರರಾಷ್ಟ್ರೀಯ ಕಾಲವೆಂದೂ, ವಿಂಡೋಸ್ ಸ್ಥಳೀಯ ಕಾಲವೆಂದೂ ಓದುತ್ತದೆ. ಭಾರತದ ಪ್ರಮಾಣ ರೇಖಾಂಶ 82°30′ ಪೂರ್ವ. 15 ಡಿಗ್ರಿಗೆ ಒಂದು ಗಂಟೆಯಂತೆ ಐದೂವರೆ ಗಂಟೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರು ಇದನ್ನೇ ತಮ್ಮ ಮುಂದಿನ ಪಾಠದ ಪೀಠಿಕೆ ಮಾಡಿಕೊಂಡರು.

ಬೇಡವಾದರೆ ಉಬುಂಟು ಪಾರ್ಟಿಷನ್ನನ್ನು ಅಳಿಸಬಹುದೇ? ಅಳಿಸಬಹುದು, ಆದರೆ ಮೊದಲು ಯಂತ್ರವನ್ನು ನೇರ ವಿಂಡೋಸಿಗೆ ತೆರೆಯುವಂತೆ ಹೊಂದಿಸಬೇಕು. ಇಲ್ಲದಿದ್ದರೆ ಗೇಟಿನವನ ಪಟ್ಟಿಯೇ ಹೋಗಿ, ‘ಗ್ರಬ್ ರೆಸ್ಕ್ಯೂ’ ಎಂಬ ಕಪ್ಪು ಪರದೆಯಲ್ಲಿ ಯಂತ್ರ ನಿಲ್ಲಬಹುದು.

ಮೌಲ್ಯಮಾಪನ

ಹೆಜ್ಜೆಗಳನ್ನು ಕ್ರಮವಾಗಿ ಬರೆಯಿರಿ ಎಂಬ ಪ್ರಶ್ನೆಯನ್ನು ನಾನು ಕೊಡಲಿಲ್ಲ. ಅದಕ್ಕೆ ಬಾಯಿಪಾಠ ಸಾಕು. ಬದಲಿಗೆ ಒಂದು ಹೊಸ ಡಿಸ್ಕಿನ ಪಟ್ಟಿ ಮತ್ತು ಒಂದು ಎಚ್ಚರಿಕೆಯ ಪರದೆಯ ಚಿತ್ರ ಕೊಟ್ಟು ಎರಡು ಪ್ರಶ್ನೆ ಕೇಳಿದೆ: ಈಗ ಒತ್ತಿದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ? ಒತ್ತುತ್ತೀರಾ, ನಿಲ್ಲುತ್ತೀರಾ, ಯಾಕೆ? ಚಿತ್ರದಲ್ಲಿ ಬೇಕೆಂದೇ ಡಿ ಡ್ರೈವನ್ನು ಫಾರ್ಮ್ಯಾಟ್ ಮಾಡುವ ಸಾಲನ್ನು ಸೇರಿಸಿದ್ದೆ. “ನಿಲ್ಲುತ್ತೇನೆ, ಡಿ ನಮ್ಮ ನಕ್ಷೆಯಲ್ಲಿ ಹಾಗೇ ಇರಬೇಕು” ಎಂಬ ಒಂದು ಸಾಲಿನ ಉತ್ತರಕ್ಕೆ ಪೂರ್ಣ ಅಂಕ.

ಪ್ರಶಿಕ್ಷಣಾರ್ಥಿಗಳಿಗೆ

ವೀಕ್ಷಣೆಯ ನಂತರದ ಚರ್ಚೆಯಲ್ಲಿ ಒಬ್ಬರು, ಮೂರು ಅವಧಿಯಲ್ಲಿ ಯಂತ್ರ ಮುಟ್ಟಿದ್ದು ಒಂದೇ ಅವಧಿ, ಇದು ಸಮಯದ ನಷ್ಟವಲ್ಲವೇ ಎಂದು ಕೇಳಿದರು. ಆಕ್ಷೇಪ ನ್ಯಾಯವಾದದ್ದು. ಆದರೆ ಈ ಪಾಠದಲ್ಲಿ ಯಂತ್ರ ಮಾಡುವ ಕೆಲಸ ಹೆಚ್ಚು, ಮನುಷ್ಯ ಮಾಡುವ ನಿರ್ಧಾರಗಳು ಕೆಲವೇ. ಬೋಧನೆ ನಡೆಯಬೇಕಾದದ್ದು ಆ ನಿರ್ಧಾರಗಳ ಸುತ್ತ.

ಈ ಕ್ರಮ ಕಂಪ್ಯೂಟರಿಗೆ ಮಾತ್ರ ಸೀಮಿತವಲ್ಲ. ಸಾಂದ್ರ ಆಮ್ಲವನ್ನು ದುರ್ಬಲಗೊಳಿಸುವ ಪ್ರಯೋಗ, ಸೂಕ್ಷ್ಮದರ್ಶಕಕ್ಕಾಗಿ ಈರುಳ್ಳಿ ಪೊರೆ ಕತ್ತರಿಸುವುದು, ಮರಗೆಲಸದಲ್ಲಿ ಹಲಗೆ ಕೊಯ್ಯುವುದು, ಇಲ್ಲೆಲ್ಲ ಒಂದು ಹಿಂದಿರುಗದ ಹೆಜ್ಜೆ ಇದೆ. ನಿಮ್ಮ ಪಾಠಯೋಜನೆಯಲ್ಲಿ ಆ ಹೆಜ್ಜೆಯನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಅದಕ್ಕೆ ಮೊದಲು ಕಾಗದದ ಮೇಲೆ ಒಂದು ನಕ್ಷೆ, ತಪ್ಪಿದರೂ ನಷ್ಟವಿಲ್ಲದ ಜಾಗದಲ್ಲಿ ಒಂದು ತಾಲೀಮು, ಮಕ್ಕಳೇ ಹೇಳಿದ ನಿಲುಗಡೆಗಳ ಪಟ್ಟಿ, ಈ ಮೂರೂ ಇವೆಯೇ ಎಂದು ನೋಡಿ. ಇಲ್ಲದಿದ್ದರೆ ಪಾಠವನ್ನು ಒಂದು ದಿನ ಮುಂದೂಡಿ.